ಹಾಳು ಬಸದಿಯಲ್ಲಿ ಭೌತವಿಜ್ಞಾನ

ರಜಾದಿನಗಳಲ್ಲಿ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹಳೆಯ ಕೋಟೆಗಳನ್ನೂ ಗುಡಿಗಳನ್ನೂ ನೋಡಲು ಹೊರಡುವುದು ನಮ್ಮಲ್ಲಿ ಹೊಸತೇನೂ ಅಲ್ಲ. ಹಾಳು ಬಿದ್ದ ಕಟ್ಟಡದ ಮುಂದೆ ನಿಂತಾಗ ನಾವು ಸಾಮಾನ್ಯವಾಗಿ ಕೇಳುವುದು, ಇದನ್ನು ಕಟ್ಟಿಸಿದವರು ಯಾರು, ಕೆಡವಿದವರು ಯಾರು ಎಂದು. ಅದಕ್ಕೆ ಉತ್ತರ ಕೊಡುವ ಹೊಣೆ ಇತಿಹಾಸಕಾರರದು. ಅದರೊಡನೆ ಇನ್ನೆರಡು ಪ್ರಶ್ನೆಗಳನ್ನೂ ಕೇಳಬಹುದು: ಇದು ಇಷ್ಟು ಕಾಲ ಹೇಗೆ ನಿಂತಿತು? ನಿಂತದ್ದು ಏಕೆ ಬೀಳುತ್ತದೆ? ಇವುಗಳಿಗೆ ಬೇಕಾದ ಉತ್ತರದ ಬಹುಭಾಗ ವಿದ್ಯಾರ್ಥಿಗಳು ತರಗತಿಯಲ್ಲಿ ಕಲಿಯುವ ಭೌತವಿಜ್ಞಾನದಲ್ಲಿಯೇ ಇದೆ.

ಇಂಥ ಪರಿಶೀಲನೆಗೆ ತಕ್ಕ ಸ್ಥಳ ಗೇರುಸೊಪ್ಪ. ಹೊನ್ನಾವರದಿಂದ ಶರಾವತಿಯ ಕಣಿವೆಯನ್ನು ಹಿಡಿದು ಪೂರ್ವಕ್ಕೆ ಸುಮಾರು 30 ಕಿಲೋಮೀಟರು ಹೋದರೆ ಘಟ್ಟದ ಬುಡದಲ್ಲಿ ಈ ಊರು ಸಿಗುತ್ತದೆ. ನಗಿರೆ, ಕ್ಷೇಮಪುರ ಎಂಬ ಹೆಸರುಗಳೂ ಇದಕ್ಕಿದ್ದವು. 16ನೆಯ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿ ಆಳಿದವಳು ಸಾಳುವ ವಂಶದ ರಾಣಿ ಚೆನ್ನಭೈರಾದೇವಿ. ಕಾಳುಮೆಣಸಿನ ವ್ಯಾಪಾರದಲ್ಲಿ ಆಕೆಗಿದ್ದ ಹಿಡಿತವನ್ನು ಕಂಡು ಪೋರ್ಚುಗೀಸರು ಆಕೆಯನ್ನು 'ಮೆಣಸಿನ ರಾಣಿ' ಎಂದು ಕರೆದರು. 1606ರ ಸುಮಾರಿಗೆ ರಾಜ್ಯವು ಕೆಳದಿಯ ನಾಯಕರ ವಶವಾಯಿತು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಹೊನ್ನಾವರದಿಂದ ನದಿಯ ಮಾರ್ಗವಾಗಿ ಇಲ್ಲಿಗೆ ಬಂದನು. ನಗರವೂ ಅರಮನೆಯೂ ಆಗಲೇ ಹಾಳಾಗಿ, ಮರಗಿಡಗಳಿಂದ ಮುಚ್ಚಿಹೋಗಿದ್ದುವೆಂದು ಅವನು ಬರೆದಿಟ್ಟಿದ್ದಾನೆ. ರಾಜಧಾನಿಯು ಕಾಡಾಗುವುದಕ್ಕೆ ಎರಡು ದಶಕಗಳೂ ಬೇಕಾಗಲಿಲ್ಲ!

ಆ ನಗರದ ಮುಖ್ಯ ಅವಶೇಷವು ನಗರಬಸ್ತಿಕೇರಿಯ ಕಾಡಿನೊಳಗಿರುವ ಚತುರ್ಮುಖ ಬಸದಿ. ನಾಲ್ಕು ಕಡೆಗೂ ಬಾಗಿಲು. ನಡುವಿನ ಗರ್ಭಗೃಹದಲ್ಲಿ ಒಂದೊಂದು ಬಾಗಿಲಿಗೂ ಮುಖಮಾಡಿ ಕುಳಿತ ತೀರ್ಥಂಕರರ ನಾಲ್ಕು ವಿಗ್ರಹಗಳು. ಸುತ್ತಲೂ ಕುಸಿದ ಕಟ್ಟಡಗಳ ಕಲ್ಲುಗಳು ಚದುರಿ ಬಿದ್ದಿವೆ.

ಒಳಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಒತ್ತೊತ್ತಾಗಿ ನಿಂತ ಕಂಬಗಳು. ಇವು ಬರಿಯ ಅಲಂಕಾರಕ್ಕಾಗಿ ನಿಂತವಲ್ಲ. ಒಂದು ಸೀಮೆಸುಣ್ಣದ ಕಡ್ಡಿಯನ್ನು ಎರಡು ತುದಿಗಳಿಂದ ನೇರವಾಗಿ ಒತ್ತಿ ನೋಡಿರಿ. ಅದು ಸುಲಭವಾಗಿ ಮುರಿಯುವುದಿಲ್ಲ. ಅದನ್ನೇ ಬಾಗಿಸಿದರೆ ಥಟ್ಟನೆ ತುಂಡಾಗುತ್ತದೆ. ಬಾಗಿಸುವಾಗ ಒಂದು ಪಕ್ಕ ಕುಗ್ಗುತ್ತದೆ, ಎದುರು ಪಕ್ಕ ಹಿಗ್ಗುತ್ತದೆ; ಬಿರುಕು ಹುಟ್ಟುವುದು ಹಿಗ್ಗುವ ಪಕ್ಕದಲ್ಲಿ. ಕಲ್ಲಿನ ಸ್ವಭಾವವೂ ಇದೇ. ಕಗ್ಗಲ್ಲು ತಾಳಬಲ್ಲ ಸೆಳೆತವು ಅದು ತಾಳಬಲ್ಲ ಒತ್ತಡದ ಸುಮಾರು ಹತ್ತರಲ್ಲೊಂದು ಭಾಗ, ಅಥವಾ ಅದಕ್ಕೂ ಕಡಿಮೆ. ಕಂಬವು ಒತ್ತಡವನ್ನು ಮಾತ್ರ ಹೊರುವುದರಿಂದ ಅದಕ್ಕೆ ಭಯವಿಲ್ಲ. ಕಂಬಗಳ ಮೇಲೆ ಮಲಗಿದ ತೊಲೆಯಾದರೋ ತನ್ನ ಭಾರದಿಂದಲೇ ಅತಿ ಸ್ವಲ್ಪ ಬಾಗುತ್ತದೆ. ಅದರ ಕೆಳಮುಖದಲ್ಲಿ ಸೆಳೆತ ಹುಟ್ಟುತ್ತದೆ. ತೊಲೆಯ ದಪ್ಪವನ್ನು ಹಾಗೆಯೇ ಇಟ್ಟು ಉದ್ದವನ್ನು ಎರಡರಷ್ಟು ಮಾಡಿದರೆ ಈ ಸೆಳೆತ ನಾಲ್ಕರಷ್ಟಾಗುತ್ತದೆ. ಅದಕ್ಕೆ ಮಾಡಿನ ಚಪ್ಪಡಿಗಳ ಭಾರವೂ ಸೇರಬೇಕಷ್ಟೆ. ಆದುದರಿಂದ ಕಂಬಗಳನ್ನು ಹತ್ತಿರ ಹತ್ತಿರ ನಿಲ್ಲಿಸುವುದು ಅನಿವಾರ್ಯವಾಯಿತು. ಶಿಲ್ಪಿಯು ಸಮೀಕರಣವನ್ನು ಬರೆಯಲಿಲ್ಲ. ಆದರೆ ಅದು ವಿಧಿಸುವ ಕಟ್ಟುಪಾಡನ್ನು ಅನುಭವದಿಂದ ಅರಿತಿದ್ದನು.

ಎರಡನೆಯದು ಒಳಗಿನ ತಂಪು. ಸುಡುವ ಮಧ್ಯಾಹ್ನದಲ್ಲಿಯೂ ದಪ್ಪ ಗೋಡೆಗಳ ಒಳಗೆ ಹಿತವಾಗಿರುವುದೇಕೆ? ಹಗಲಿನ ಬಿಸಿ ಮತ್ತು ಇರುಳಿನ ತಂಪು ಒಂದು ಅಲೆಯಂತೆ ಗೋಡೆಯ ಒಳಕ್ಕೆ ಹರಿಯುತ್ತವೆ. ಕಗ್ಗಲ್ಲಿನಲ್ಲಿ ಈ ಅಲೆಯು ಪ್ರತಿ 18 ಸೆಂಟಿಮೀಟರು ಸಾಗುವಷ್ಟರಲ್ಲಿ ಅದರ ಏರಿಳಿತ ಮೂರರಲ್ಲೊಂದು ಭಾಗಕ್ಕಿಂತ ತುಸು ಹೆಚ್ಚಾಗಿ ಮಾತ್ರ ಉಳಿಯುತ್ತದೆ. ಜೊತೆಗೆ ಸುಮಾರು ನಾಲ್ಕು ಗಂಟೆ ತಡವಾಗುತ್ತದೆ. ಅರ್ಧ ಮೀಟರು ದಪ್ಪದ ಗೋಡೆಯನ್ನು ದಾಟುವ ಹೊತ್ತಿಗೆ ಹದಿನೈದರಲ್ಲೊಂದು ಭಾಗವಷ್ಟೇ ಮಿಗುತ್ತದೆ. ಮಧ್ಯಾಹ್ನದ ಕಾವು ಒಳಗೆ ತಲಪುವುದು ನಡುರಾತ್ರಿಯ ಸಮಯಕ್ಕೆ. ಹೊರಗೋಡೆಯನ್ನೂ ಒಳಗೋಡೆಯನ್ನೂ ಅಂಗೈಯಿಂದ ಮುಟ್ಟಿ ನೋಡಿದರೆ ಈ ವ್ಯತ್ಯಾಸ ಮಕ್ಕಳಿಗೂ ತಿಳಿಯುತ್ತದೆ.

ಇಷ್ಟು ಗಟ್ಟಿಯಾದ ಕಟ್ಟಡದ ಮೊದಲ ವೈರಿ ನೀರು. ಈ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಎಂದರೆ ಮಾಡಿನ ಒಂದೊಂದು ಚದರ ಮೀಟರಿನ ಮೇಲೂ ಮೂರು ಟನ್ನಿನಷ್ಟು ನೀರು. 20 ಮೀಟರು ಉದ್ದ, 20 ಮೀಟರು ಅಗಲದ ಮಾಡನ್ನು ಕಲ್ಪಿಸಿಕೊಂಡರೆ ಪ್ರತಿ ವರ್ಷವೂ 1200 ಟನ್ನು! ಇದನ್ನು ನಿಲ್ಲಗೊಡದೆ ಹರಿಸಬೇಕು. ಭಟ್ಕಳದ ಕೇತಪೈ ನಾರಾಯಣ ದೇವಾಲಯದಲ್ಲಿ ಮರದ ಮಾಡಿನಂತೆ ಕಲ್ಲಿನ ಚಪ್ಪಡಿಗಳನ್ನೇ ಇಳಿಜಾರಾಗಿ ಹೊದಿಸಿರುವುದು ಈ ಕಾರಣದಿಂದಲೇ. ಸಂದುಗಳಲ್ಲಿ ನಿಂತ ನೀರು ಗಾಳಿಯ ಇಂಗಾಲದ ಡೈ ಆಕ್ಸೈಡನ್ನು ಕರಗಿಸಿಕೊಂಡು ದುರ್ಬಲವಾದ ಆಮ್ಲವಾಗುತ್ತದೆ. ಕಗ್ಗಲ್ಲಿನಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜವನ್ನು ಮೆಲ್ಲಮೆಲ್ಲನೆ ಜೇಡಿಮಣ್ಣಾಗಿಸುತ್ತದೆ. ಇದೇ ಮಳೆಯು ಲಕ್ಷಾಂತರ ವರ್ಷಗಳ ಕಾಲ ಬಂಡೆಯನ್ನು ತೊಳೆದು, ಕಬ್ಬಿಣದ ಅಂಶವನ್ನು ಉಳಿಸಿದಾಗ ಚಿರೆಕಲ್ಲು ಆಗುತ್ತದೆ. ಕುಮಟೆಯ ಬಳಿಯ ಮಿರ್ಜಾನ್ ಕೋಟೆಯನ್ನು ಕಟ್ಟಿರುವುದು ಈ ಕಲ್ಲಿನಿಂದ.

ಎರಡನೆಯ ವೈರಿ ಬೀಜ. ಹಕ್ಕಿಯ ಹಿಕ್ಕೆಯಲ್ಲಿ ಬಂದ ಅಶ್ವತ್ಥದ ಬೀಜವೊಂದು ಒದ್ದೆಯಾದ ಸಂದಿನಲ್ಲಿ ಮೊಳೆತರೆ ಸಾಕು. ದಪ್ಪನಾಗುವ ಬೇರು ಸುತ್ತಣ ಕಲ್ಲಿನ ಮೇಲೆ ಐದು ವಾಯುಮಂಡಲಗಳಷ್ಟು ಒತ್ತಡವನ್ನು ಹಾಕಬಲ್ಲದು. ಅಂಗೈಯಗಲದ, ಅಂದರೆ ಸುಮಾರು 100 ಚದರ ಸೆಂಟಿಮೀಟರಿನ ಜಾಗದಲ್ಲಿ ಇದು 500 ಕಿಲೋಗ್ರಾಂ ಭಾರಕ್ಕೆ ಸಮ. ಕೂಲಿಯಾಳು ದಣಿಯುತ್ತಾನೆ, ಬೇರು ದಣಿಯುವುದಿಲ್ಲ. ಚಪ್ಪಡಿ ಒಂದು ಬೆರಳಿನಷ್ಟು ಸರಿದರೆ ಇನ್ನಷ್ಟು ನೀರು ಇಳಿಯುತ್ತದೆ. ತೊಲೆಯ ಆಸರೆ ಜಾರುತ್ತದೆ. ಒಂದು ತೊಲೆ ಬಿದ್ದರೆ ಅದರ ಭಾರ ನೆರೆಯ ತೊಲೆಯ ಮೇಲೆ ಬೀಳುತ್ತದೆ. 1623ರಲ್ಲಿ ಪ್ರವಾಸಿಯು ಕಂಡದ್ದು ಈ ಕ್ರಿಯೆಯ ಆರಂಭವನ್ನೇ.

ಆದರೆ ಇದು ತಪ್ಪಿಸಲಾಗದ ವಿಧಿಯಲ್ಲ. ಕಾರ್ಕಳದ ಚತುರ್ಮುಖ ಬಸದಿಯನ್ನು ಇಮ್ಮಡಿ ಭೈರರಸನು 1586ರಲ್ಲಿ ಕಟ್ಟಿಸಿದನು. ಅಲ್ಲಿಯೂ ಕಲ್ಲಿನದೇ ಕಟ್ಟಡ, ಮಳೆಯೇನೂ ಕಡಿಮೆಯಿಲ್ಲ. ಆದರೂ ಅದು ಇಂದಿಗೂ ಸುಸ್ಥಿತಿಯಲ್ಲಿ ನಿಂತಿದೆ. ಜನವಸತಿಯ ನಡುವೆ ಉಳಿದ ಕಟ್ಟಡದಲ್ಲಿ ಸಸಿಯನ್ನು ಎಳೆಯದಾಗಿರುವಾಗಲೇ ಕೀಳುವ, ಸಂದನ್ನು ಮುಚ್ಚುವ ಕೈ ಇರುತ್ತದೆ. ಕಾಡುಪಾಲಾದ ಕಟ್ಟಡದಲ್ಲಿ ಅದಿರುವುದಿಲ್ಲ. ಎರಡೆಲೆಯ ಸಸಿಯನ್ನು ಕೀಳಲು ಎರಡು ಬೆರಳು ಸಾಕು. ಬೇರು ಗೋಡೆಯೊಳಗೆ ಹಬ್ಬಿದ ಮೇಲೆ ಕಿತ್ತರೆ ಗೋಡೆಯೇ ಬರುತ್ತದೆ.

ಗೇರುಸೊಪ್ಪದ ಬಸದಿ ಈಗ ಕೇಂದ್ರ ಸರಕಾರದ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. 1958ರ ಕಾನೂನಿನಂತೆ ಇಂಥ ಸ್ಮಾರಕವನ್ನು ಕೆಡಿಸುವುದು ಅಪರಾಧ. ಮನೆಯವರೊಡನೆ ಅಲ್ಲಿಗೆ ಹೋಗುವ ವಿದ್ಯಾರ್ಥಿಗಳು ಕಂಬಗಳ ನಡುವಣ ಅಂತರವನ್ನು ಹೆಜ್ಜೆಯಿಂದ ಅಳೆಯಲಿ. ತೊಲೆಗಳ ಕೆಳಮುಖದ ನಡುಭಾಗದಲ್ಲಿ ಬಿರುಕಿದೆಯೇ ಎಂದು ನೋಡಲಿ. ಮಾಡಿನ ಅಂಚಿನಲ್ಲಿ ಸಸಿಗಳು ಮೊಳೆತಿದ್ದರೆ ತಾವಾಗಿ ಹತ್ತಿ ಕೀಳದೆ ಕಾವಲುಗಾರರಿಗೆ ತಿಳಿಸಲಿ. ಕಲ್ಲಿನ ಮೇಲೆ ಹೆಸರು ಕೆತ್ತುವವರು ಮಾತ್ರ ಒಂದು ವಿಷಯವನ್ನು ನೆನಪಿಡಬೇಕು: ಕೆತ್ತಿದ ಪ್ರತಿಯೊಂದು ಗೆರೆಯೂ ನೀರು ನಿಲ್ಲುವುದಕ್ಕೆ ಮಾಡಿಕೊಟ್ಟ ಹೊಸ ಜಾಗ.