ಒಂದು ಕೊಡ, ಎರಡು ಜಳಕ

ನಮ್ಮ ರಾಯಚೂರು ಸೀಮೆಯಲ್ಲಿ ಸ್ನಾನಕ್ಕೆ ‘ಜಳಕ’ ಎನ್ನುತ್ತೇವೆ. ಪಟ್ಟಣದ ಮನೆಯಲ್ಲಿ ಜಳಕವೆಂದರೆ ನಲ್ಲಿ ತಿರುಗಿಸುವುದು, ಅಷ್ಟೇ. ಆದರೆ ಗುಡಾರ ಹಾಕಿಕೊಂಡು ಹೊಲದಲ್ಲಿ ಎರಡು ದಿನ ಇರಬೇಕಾದಾಗ? ನಲ್ಲಿ ಇಲ್ಲ, ಬಚ್ಚಲು ಇಲ್ಲ, ಬಾಗಿಲೂ ಇಲ್ಲ. ಮೈ ಮಾತ್ರ ಬೆವರಿ, ಧೂಳು ಮೆತ್ತಿ ಅಂಟಂಟಾಗಿರುತ್ತದೆ. ಆಗ ಏನು ಮಾಡಬೇಕು ಮಕ್ಕಳೇ?

ಈ ಪ್ರಶ್ನೆ ಹೊಸದಲ್ಲ. ರಾಯಚೂರಿನಿಂದ ಮಂತ್ರಾಲಯಕ್ಕೆ ಹೋಗುವ ದಾರಿಯಲ್ಲಿರುವ ಗಿಲ್ಲೆಸುಗೂರಿನ ಕಡೆ ಬಂದು ನೋಡಿ. ರಾಯರ ಮಠಕ್ಕೆ ಪಾದಯಾತ್ರೆ ಹೊರಟವರು ದಾರಿಯ ಬದಿಯಲ್ಲಿ ತಂಗುತ್ತಾರೆ. ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿಗಾರರು ಮಂದೆ ತರುಬಿ, ಅಲ್ಲೇ ಬಿಡಾರ ಹೂಡುತ್ತಾರೆ. ಇವರೆಲ್ಲ ಬಚ್ಚಲಿಲ್ಲದೆಯೇ ಜಳಕ ಮಾಡುವವರು. ಅವರನ್ನು ನೋಡುತ್ತ ಬೆಳೆದ ನಾನು, ಬೇಸಿಗೆ ರಜೆಯಲ್ಲಿ ಮೊಮ್ಮಕ್ಕಳನ್ನು ಹೊಲದ ಗುಡಾರಕ್ಕೆ ಕರೆದುಕೊಂಡು ಹೋಗುವಾಗ ಅವರ ವಿದ್ಯೆಯನ್ನೇ ಬಳಸುತ್ತೇನೆ. ಅದಕ್ಕೆ ಶಾಲೆಯ ವಿಜ್ಞಾನವನ್ನೂ ಸ್ವಲ್ಪ ಸೇರಿಸಿಕೊಂಡಿದ್ದೇವೆ.

ಹೊಳೆ ನೋಡಲು ಚೆಂದ

“ಅಜ್ಜೀ, ಹೊಳೀ ಹತ್ರಾನೇ ಅದ, ಅಲ್ಲೇ ಮುಳುಗಿ ಬರೋಣ” ಎಂದು ಮೊಮ್ಮಗ ಕೇಳುವುದು ಪ್ರತಿ ವರ್ಷದ ಮಾತು. ನನ್ನ ಉತ್ತರವೂ ಪ್ರತಿ ವರ್ಷ ಒಂದೇ: “ಬ್ಯಾಡ.”

ಕಾರಣ ಹೇಳದೆ ಬೇಡ ಎಂದರೆ ಮಕ್ಕಳು ಒಪ್ಪುವುದಿಲ್ಲ. ಅದಕ್ಕೇ ಕಾರಣಗಳನ್ನೂ ಹೇಳುತ್ತೇನೆ. ಕೃಷ್ಣಾ, ತುಂಗಭದ್ರಾ ಎರಡೂ ನದಿಗಳಲ್ಲಿ ಮೊಸಳೆಗಳಿವೆ. ಮರಳು ತೆಗೆದ ಕಡೆ ಮೊಣಕಾಲುದ್ದದ ನೀರಿನ ಪಕ್ಕದಲ್ಲೇ ಆಳು ಮುಳುಗುವ ಗುಂಡಿ ಇರುತ್ತದೆ. ಮೇಲಿನಿಂದ ಅದು ಕಾಣುವುದಿಲ್ಲ. ಇನ್ನು, ನಮ್ಮ ಊರಲ್ಲಿ ಒಂದು ಹನಿ ಮಳೆ ಬೀಳದೆಯೂ ಹೊಳೆ ಏರಬಹುದು, ಏಕೆಂದರೆ ನೀರು ಬಿಡುವುದು ದೂರದ ಹೊಸಪೇಟೆಯ ಅಣೆಕಟ್ಟೆಯಿಂದ. ಆ ಅಣೆಕಟ್ಟೆಗೆ 33 ಗೇಟುಗಳಿವೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದದ್ದು ನಿಮಗೆ ನೆನಪಿರಬಹುದು. ಆಗ ಕೆಳಗಿನ ಹೊಳೆದಂಡೆಯ ಊರುಗಳಿಗೆಲ್ಲ ಎಚ್ಚರಿಕೆ ಕೊಡಬೇಕಾಯಿತು.

ಕಾಲುವೆಯೂ ಸುರಕ್ಷಿತವಲ್ಲ. ಕಲ್ಲು, ಸಿಮೆಂಟು ಹಾಕಿದ ಅದರ ಇಳಿಜಾರು ಪಾಚಿಯಿಂದ ಜಾರುತ್ತದೆ. ಇಳಿಯುವುದು ಸುಲಭ, ಹತ್ತಿ ಬರುವುದು ಕಷ್ಟ. ಆದ್ದರಿಂದ ಗುಡಾರದ ಮೊದಲ ನಿಯಮ: ನಾವು ನೀರಿನ ಹತ್ತಿರ ಹೋಗುವುದಿಲ್ಲ, ನೀರನ್ನೇ ನಮ್ಮ ಹತ್ತಿರ ತರುತ್ತೇವೆ. ತರುವವರು ದೊಡ್ಡವರು. ಅದೂ ಊರಿನ ನಲ್ಲಿಯಿಂದ ಅಥವಾ ಕೈಪಂಪಿನಿಂದ.

ಆರು ತಂಬಿಗೆಯ ಲೆಕ್ಕ

ಹೊತ್ತು ತಂದ ನೀರಿಗೆ ಬೆಲೆ ಹೆಚ್ಚು. ಮನೆಯ ಶವರಿನಲ್ಲಿ ನಿಮಿಷಕ್ಕೆ ಎಂಟು–ಹತ್ತು ಲೀಟರ್ ಹರಿದುಹೋಗುತ್ತದೆ. ಹತ್ತು ನಿಮಿಷ ಹಾಡುತ್ತ ನಿಂತರೆ 80 ಲೀಟರ್! ನಮ್ಮ ತಂಬಿಗೆಗೆ ಹೆಚ್ಚುಕಡಿಮೆ ಒಂದು ಲೀಟರ್ ಹಿಡಿಯುತ್ತದೆ. ನಮ್ಮ ಕೊಡಕ್ಕೆ 12 ತಂಬಿಗೆ. ಒಬ್ಬರಿಗೆ ಆರು ತಂಬಿಗೆ ಎಂದರೆ ಒಂದು ಕೊಡದಲ್ಲಿ ಇಬ್ಬರ ಜಳಕ.

ಹೇಗೆ? ಮೊದಲು ಒಣ ಬಟ್ಟೆಯಿಂದ ಮೈಮೇಲಿನ ಧೂಳನ್ನು ಒರೆಸಿಕೊಳ್ಳಿ. ಎರಡು ತಂಬಿಗೆ ನೀರನ್ನು ತಲೆಯಿಂದ ನಿಧಾನವಾಗಿ ಸುರಿದುಕೊಂಡು, ಇನ್ನೊಂದು ಕೈಯಿಂದ ಮೈ ಉಜ್ಜಿರಿ. ಈಗ ತಂಬಿಗೆ ಕೆಳಗಿಟ್ಟು ಸೋಪು ಹಚ್ಚಿರಿ. ಸೋಪು ಸ್ವಲ್ಪವೇ ಇರಲಿ, ಏಕೆಂದರೆ ನೊರೆ ಹೆಚ್ಚಾದಷ್ಟೂ ತೊಳೆಯಲು ನೀರು ಹೆಚ್ಚು ಬೇಕು. ಉಳಿದ ನಾಲ್ಕು ತಂಬಿಗೆಯಲ್ಲಿ ಮೇಲಿನಿಂದ ಕೆಳಕ್ಕೆ ತೊಳೆದುಕೊಳ್ಳಿ. ಉದ್ದ ಕೂದಲಿನವರು ತಲೆಸ್ನಾನಕ್ಕೆ ಇನ್ನೂ ಮೂರು ತಂಬಿಗೆ ಇಟ್ಟುಕೊಳ್ಳಿ. ಗುಡಾರದಲ್ಲಿ ಅದು ದಿನವೂ ಬೇಕಿಲ್ಲ.

ಸೂರ್ಯನೇ ನಮ್ಮ ಹಂಡೆ

ಬೇಸಿಗೆಯಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಅದನ್ನು ಬೈಯುವ ಬದಲು ಕೆಲಸಕ್ಕೆ ಹಚ್ಚೋಣ. ಹತ್ತು ಲೀಟರ್ ಹಿಡಿಯುವ ಕಪ್ಪು ಕ್ಯಾನಿನಲ್ಲಿ ನೀರು ತುಂಬಿ, ಬಿಸಿಲಿಗೆ ಅಡ್ಡಲಾಗಿ ಮಲಗಿಸಿ ಇಡಿ. ಕಪ್ಪು ಬಣ್ಣ ಬೆಳಕನ್ನು ಹೀರಿಕೊಂಡು ಶಾಖವಾಗಿಸುತ್ತದೆ. ನಡುಹಗಲ ನೇರ ಬಿಸಿಲು ಒಂದು ಚದರ ಮೀಟರಿನ ಮೇಲೆ ಸುಮಾರು 1000 ವಾಟ್ ಶಕ್ತಿ ಸುರಿಯುತ್ತದೆ. ಮಲಗಿಸಿದ ಕ್ಯಾನಿನ ಬೆನ್ನು ಅದರ ಹತ್ತನೇ ಒಂದು ಭಾಗದಷ್ಟು ಇದ್ದರೂ ನಮಗೆ ಸುಮಾರು 100 ವಾಟಿನ ಒಲೆ ಪುಕ್ಕಟೆ ಸಿಕ್ಕಂತೆ. ಎರಡು–ಮೂರು ಗಂಟೆಯಲ್ಲಿ ಹತ್ತು ಲೀಟರ್ ನೀರು ಹಿತವಾಗಿ ಬೆಚ್ಚಗಾಗುತ್ತದೆ. ಸೌದೆ ಬೇಡ, ಬೆಂಕಿಯ ಭಯವೂ ಇಲ್ಲ.

ಎರಡು ಎಚ್ಚರಿಕೆ. ಒಂದು, ಕ್ಯಾನನ್ನು ಇಡೀ ದಿನ ಬಿಸಿಲಲ್ಲಿ ಬಿಟ್ಟರೆ ನೀರು ಮೈ ಸುಡುವಷ್ಟು ಕಾಯಬಹುದು. ಮೊದಲು ಅಜ್ಜಿಯೋ ಅಜ್ಜನೋ ಮುಂಗೈಯ ಒಳಭಾಗಕ್ಕೆ ಹಾಕಿ ನೋಡಲಿ. ಎರಡನೆಯದು ನಮ್ಮ ಹತ್ತಿ, ಮೆಣಸಿನಕಾಯಿ ಬೆಳೆಯುವ ಸೀಮೆಗೆ ಬಹಳ ಮುಖ್ಯ. ಕ್ರಿಮಿನಾಶಕದ ಕ್ಯಾನನ್ನು ಎಷ್ಟು ಸಲ ತೊಳೆದಿದ್ದರೂ ಅದರಲ್ಲಿ ಜಳಕದ ನೀರು ತುಂಬಬಾರದು. ಆ ವಿಷ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ.

ಬೆರಳೇ ನಲ್ಲಿ

ಶವರ್ ಬೇಕೇ ಬೇಕು ಎನ್ನುವವರಿಗೆ ಒಂದು ಉಪಾಯ. ಒಂದು ಖಾಲಿ ಬಾಟಲಿಯ ಮುಚ್ಚಳದಲ್ಲಿ ಏಳೆಂಟು ಸಣ್ಣ ತೂತು, ತಳದಲ್ಲಿ ಒಂದು ತೂತು ಮಾಡಿಸಿ. ಬಿಸಿ ಸೂಜಿಯ ಈ ಕೆಲಸ ದೊಡ್ಡವರದು. ತಳದ ತೂತನ್ನು ಬೆರಳಿನಿಂದ ಮುಚ್ಚಿ, ನೀರು ತುಂಬಿ, ಮುಚ್ಚಳ ಬಿಗಿದು ತಲೆಕೆಳಗೆ ಹಿಡಿಯಿರಿ. ನೀರು ಬೀಳುವುದಿಲ್ಲ! ಒಳಗೆ ಗಾಳಿ ಹೋಗಲು ದಾರಿ ಇಲ್ಲ, ಹೊರಗಿನ ಗಾಳಿಯ ಒತ್ತಡ ನೀರನ್ನು ತಡೆದಿದೆ. ಬೆರಳು ತೆಗೆದರೆ ಗಾಳಿ ಒಳಗೆ ನುಗ್ಗಿ ಸಣ್ಣ ಮಳೆ ಶುರು. ಸೋಪು ಹಚ್ಚುವಾಗ ಬೆರಳಿಟ್ಟರೆ ಮಳೆ ನಿಂತಿತು. ನನ್ನ ಮೊಮ್ಮಗ ಇದನ್ನು ಹಿಡಿದುಕೊಂಡು ಅರ್ಧ ದಿನ ಕಳೆಯುತ್ತಾನೆ. ಗಿಡಗಳಿಗೂ ಅದರಿಂದಲೇ ಜಳಕ.

ಮರೆಯೇ ಮಾನ

ನೀರಿಗಿಂತ ಮೊದಲು ಬೇಕಾದದ್ದು ಮರೆ. ಹುಡುಗಿಯರಿಗೆ, ಹೆಂಗಸರಿಗೆ ಅದಿಲ್ಲದಿದ್ದರೆ ಎಷ್ಟು ನೀರಿದ್ದರೂ ಜಳಕವಿಲ್ಲ. ಬೆಳಕು ಹರಿಯುವ ಮುನ್ನ ಎದ್ದು, ಹೆದರುತ್ತ ಹೆದರುತ್ತ ಎರಡು ತಂಬಿಗೆ ಸುರಿದುಕೊಂಡು ಓಡುವುದು ಜಳಕವಲ್ಲ.

ನಾಲ್ಕು ಗಟ್ಟಿ ಕೋಲು ನೆಟ್ಟು, ಎರಡು ಹಳೆಯ ಸೀರೆಗಳನ್ನು ಮಡಚಿ ಸುತ್ತಲೂ ಕಟ್ಟಿ. ಕಂಬಳಿ ಇದ್ದರೆ ಇನ್ನೂ ಒಳ್ಳೆಯದು, ಅದು ದಪ್ಪ, ಗಾಳಿಗೆ ಹಾರುವುದಿಲ್ಲ. ಸೀರೆಯ ಕೆಳಅಂಚಿನ ಮೇಲೆ ಕಲ್ಲು ಹೇರಿ. ಕಾಲಡಿಗೆ ಒಂದು ಚಪ್ಪಟೆ ಕಲ್ಲು ಇರಲಿ, ನಮ್ಮ ಕರಿಮಣ್ಣು ಒದ್ದೆಯಾದರೆ ಬೆಣ್ಣೆಯಂತೆ ಜಾರುತ್ತದೆ.

ಮೊಮ್ಮಗಳು ಕಂಡುಹಿಡಿದ ಒಂದು ಸಂಗತಿ ಎಲ್ಲರಿಗೂ ಗೊತ್ತಿರಲಿ. ಒಂದು ಸಂಜೆ ಖಾಲಿ ಮರೆಯೊಳಗೆ ಲಾಟೀನು ಇಟ್ಟು ಹೊರಗೆ ಬಂದವಳು, “ಅಜ್ಜೀ, ಒಳಗಿನ ಕೊಡದ ನೆರಳು ಸೀರೀ ಮ್ಯಾಲ ಕಾಣ್ತದ!” ಎಂದಳು. ಹೌದು. ದೀಪ ಒಳಗಿದ್ದರೆ ಬಟ್ಟೆ ತೊಗಲುಗೊಂಬೆಯಾಟದ ಪರದೆಯೇ ಆಗಿಬಿಡುತ್ತದೆ. ಆದ್ದರಿಂದ ಹೊತ್ತು ಮುಳುಗುವ ಮುನ್ನ ಜಳಕ ಮುಗಿಸಿ. ಕತ್ತಲಾದರೆ ದೀಪ ಮರೆಯ ಹೊರಗೆ ಇರಲಿ. ಮನೆಯವರೊಬ್ಬರು ಹೊರಗೆ ಬೆನ್ನು ತಿರುಗಿಸಿ ಕಾವಲು ಕೂರಲಿ.

ನೀರು ಕಡಿಮೆಯಾದ ದಿನ

ಒಮ್ಮೊಮ್ಮೆ ಕುಡಿಯುವುದಕ್ಕಷ್ಟೇ ನೀರು ಉಳಿದಿರುತ್ತದೆ. ಆಗ ಎರಡು ತಂಬಿಗೆ, ಒಂದು ಮೆತ್ತನೆಯ ಬಟ್ಟೆ ಸಾಕು. ಬಟ್ಟೆಯನ್ನು ಅದ್ದಿ ಹಿಂಡಿ ಮೊದಲು ಮುಖ, ಆಮೇಲೆ ಕುತ್ತಿಗೆ, ಕೈ, ಕಂಕುಳು, ಕೊನೆಗೆ ಕಾಲು ಒರೆಸಿಕೊಳ್ಳಿ. ಶುಚಿಯಾದ ಕಡೆಯಿಂದ ಕೊಳೆಯಾದ ಕಡೆಗೆ ಎಂಬುದೇ ನಿಯಮ. ಬೆರಳಸಂದುಗಳನ್ನು ಒಣಗಿಸಲು ಮರೆಯಬೇಡಿ.

ಇದನ್ನು ಬಡವರ ಜಳಕ ಎಂದು ನಗಬೇಡಿ. ಬಾಹ್ಯಾಕಾಶ ನಿಲ್ದಾಣದಲ್ಲಿರುವ ಗಗನಯಾತ್ರಿಗಳು ಮಾಡುವುದೂ ಇದನ್ನೇ! 1973ರಲ್ಲಿ ಹಾರಿದ ಸ್ಕೈಲ್ಯಾಬಿನಲ್ಲಿ ಮಡಚುವ ಶವರ್ ಇತ್ತು. ಒಂದು ಜಳಕಕ್ಕೆ ಮೂರು ಲೀಟರಿಗಿಂತ ಕಡಿಮೆ ನೀರು. ಆದರೆ ತೇಲಾಡುವ ಹನಿಗಳನ್ನು ಹೀರಿ ತೆಗೆಯುವುದೇ ದೊಡ್ಡ ಕೆಲಸವಾಗುತ್ತಿತ್ತು. ಈಗಿನವರು ಒದ್ದೆ ಬಟ್ಟೆಗೇ ಮರಳಿದ್ದಾರೆ.

ಕೊಳೆನೀರು ಎಲ್ಲಿಗೆ?

ಮರೆಯನ್ನು ಹೊಳೆ, ಹಳ್ಳ, ಬಾವಿಯಿಂದ ಕನಿಷ್ಠ 60 ಮೀಟರ್ ದೂರ, ಅಂದರೆ ಮಕ್ಕಳ ನಡಿಗೆಯಲ್ಲಿ ನೂರಿಪ್ಪತ್ತು ಹೆಜ್ಜೆಗಳಾಚೆ ಕಟ್ಟಿ. ಸೋಪಿನ ನೀರು ಮಣ್ಣಿನಲ್ಲಿ ಇಂಗಿದರೆ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಕರಗಿಸುತ್ತವೆ. ನೇರ ಹೊಳೆಗೆ ಸೇರಿದರೆ ಮೀನುಗಳಿಗೆ ತೊಂದರೆ. “ನಾವು ಸೋಪು ಹಾಕೋದಿಲ್ಲ, ಅಂಟವಾಳಕಾಯಿ ಹಾಕ್ತೀವಿ” ಎನ್ನುವ ಅಜ್ಜಿಯರೂ ಕೇಳಿ: ಅಂಟವಾಳದ ನೊರೆ ನಮ್ಮ ಕೂದಲಿಗೆ ಒಳ್ಳೆಯದು, ಮೀನಿನ ಕಿವಿರಿಗೆ ವಿಷ. ಹಿಂದೆ ಅದನ್ನು ಕದಡಿ ಮೀನು ಹಿಡಿಯುತ್ತಿದ್ದವರೂ ಉಂಟು.

ಇದು ಆಟವಷ್ಟೇ ಅಲ್ಲ

2009ರ ಅಕ್ಟೋಬರ್ ಮೊದಲ ವಾರ ತುಂಗಭದ್ರೆ ಉಕ್ಕಿದಾಗ ಮಂತ್ರಾಲಯದ ಮಠದೊಳಗೂ ನೀರು ನುಗ್ಗಿತ್ತು. ಹೊಳೆದಂಡೆಯ ಎಷ್ಟೋ ಕುಟುಂಬಗಳು ಮನೆ ಬಿಟ್ಟು ಎತ್ತರದ ಜಾಗ ಸೇರಿದವು. ಸುತ್ತ ಕಣ್ಣು ಹಾಯುವವರೆಗೂ ನೀರು, ಆದರೆ ಜಳಕಕ್ಕೆ ಶುದ್ಧ ನೀರಿಲ್ಲ, ಮರೆಯಿಲ್ಲ. ಇಂಥ ಆಪತ್ತಿನ ಶಿಬಿರಗಳಲ್ಲಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು ಸಿಗಬೇಕೆಂದು ಜಗತ್ತಿನ ಪರಿಹಾರ ಸಂಸ್ಥೆಗಳು ಒಪ್ಪಿಕೊಂಡಿವೆ. ಕುಡಿಯಲು, ಅಡುಗೆಗೆ, ಶುಚಿಗೆ ಎಲ್ಲಕ್ಕೂ ಸೇರಿ ಅಷ್ಟೇ. ಆರು ತಂಬಿಗೆಯ ಜಳಕ ಗೊತ್ತಿರುವ ಮಗುವಿಗೆ ಆ 15 ಲೀಟರಿನಲ್ಲಿ ದಿನ ಕಳೆಯುವುದು ಗೊತ್ತಿರುತ್ತದೆ. ಎರಡು ಸೀರೆಯಿಂದ ಮರೆ ಕಟ್ಟಲು ಬಲ್ಲ ಹುಡುಗ ಆ ದಿನ ತನ್ನ ಅಕ್ಕನಿಗೂ ಅಜ್ಜಿಗೂ ದೊಡ್ಡ ಆಸರೆಯಾಗುತ್ತಾನೆ.

ಇದನ್ನು ಕಲಿಯಲು ಗುಡಾರವೇ ಬೇಕೆಂದಿಲ್ಲ. ಈ ಭಾನುವಾರ ಒಂದು ಕೊಡ ನೀರನ್ನು ಅಳೆದಿಟ್ಟುಕೊಳ್ಳಿ. ಅಜ್ಜ ಅಥವಾ ಅಜ್ಜಿ ಎಣಿಸಲಿ, ನೀವು ಸುರಿದುಕೊಳ್ಳಿ. ಆರು ತಂಬಿಗೆಯಲ್ಲಿ ಮುಗಿಯಿತೇ? ಮುಗಿದಿದ್ದರೆ ಕೊಡದಲ್ಲಿ ಇನ್ನೂ ಆರು ಉಳಿದಿವೆ. ಅವು ಎಣಿಸಿದವರ ಪಾಲು.