ಕಾಣದ ಮನೆಯ ನಗೆ

ಗಂಡನ ಜಂಬ, ಹೆಂಡತಿಯ ಸೈರಣೆ, ನೆರೆಯವರ ಕುತೂಹಲ ಇವು ಎಲ್ಲ ದೇಶದ ಪ್ರಹಸನಗಳಿಗೂ ಹಳೆಯ ಬಂಡವಾಳ. ಆದರೆ ರಂಗಭೂಮಿಯಲ್ಲಿ ನಟನ ಮುಖವೇ ಅರ್ಧ ನಗಿಸುತ್ತದೆ. ಮುಖವನ್ನು ಕಳೆದು ಧ್ವನಿಯೊಂದನ್ನೇ ಉಳಿಸಿಕೊಂಡ ರೇಡಿಯೋ, ಸಂಸಾರವೊಂದನ್ನು ಕಟ್ಟಿ ಅದರಲ್ಲಿ ಹಾಸ್ಯವನ್ನು ಬೆಳೆಸಿದ್ದು ಹೇಗೆಂಬುದು ವಿಚಾರ ಮಾಡತಕ್ಕ ಸಂಗತಿ. ಇದಕ್ಕೆ ಅಮೆರಿಕದ 'ಫಿಬ್ಬರ್ ಮೆಗೀ ಅಂಡ್ ಮಾಲಿ' ಎಂಬ ವಾರದ ವಿನೋದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ತೋರದು.

1935ರ ಏಪ್ರಿಲ್‌ನಲ್ಲಿ ಎನ್.ಬಿ.ಸಿ. ಸಂಸ್ಥೆಯಿಂದ ಪ್ರಸಾರವಾಗತೊಡಗಿದ ಈ ಕಾರ್ಯಕ್ರಮದ ದಂಪತಿಗಳು ನಿಜಜೀವನದಲ್ಲಿಯೂ ದಂಪತಿಗಳೇ: ಜಿಮ್ ಜೋರ್ಡನ್ ಮತ್ತು ಮೇರಿಯನ್ ಜೋರ್ಡನ್. ಬರೆದುಕೊಡುತ್ತಿದ್ದವನು ಡಾನ್ ಕ್ವಿನ್. ಫಿಬ್ಬರ್ ಎಂದರೆ ಸಣ್ಣಪುಟ್ಟ ಸುಳ್ಳುಗಳನ್ನು ಹೇಳುವವನು. 'ವಿಸ್ಟ್‌ಫುಲ್ ವಿಸ್ಟಾ' ಬೀದಿಯ 79ನೆಯ ಮನೆಯ ಈ ಯಜಮಾನನಿಗೆ ಹೇಳಿಕೊಳ್ಳುವಂಥ ಉದ್ಯೋಗವಿರಲಿಲ್ಲ. ಬಾಯಿಗೆ ಮಾತ್ರ ಬಿಡುವಿರಲಿಲ್ಲ. ಆ ದೇಶದಲ್ಲಿ ಲಕ್ಷಾಂತರ ಜನ ಕೆಲಸವಿಲ್ಲದೆ ಕುಳಿತಿದ್ದ ಕಾಲವದು ಎಂಬುದನ್ನು ನಾವು ಮರೆಯಬಾರದು. ಬಾಗಿಲು ಬಡಿದು ಒಬ್ಬೊಬ್ಬರಾಗಿ ಬರುವರು, ಮಾತನಾಡಿ ಹೋಗುವರು. ಕಥೆಯೆಂದರೆ ಬಹುಮಟ್ಟಿಗೆ ಅಷ್ಟೇ. ಜಾಹೀರಾತಿನ ಘೋಷಕನೂ ನೆರೆಯವನಂತೆ ಒಳಗೆ ಬಂದು, ಮಾತಿಗೆ ಮಾತು ಸೇರಿಸಿ, ಜಾನ್ಸನ್ ಕಂಪೆನಿಯ ಮೇಣವನ್ನು ಹೊಗಳಿ ಹೋಗುತ್ತಿದ್ದ. ಹಣ ಕೊಟ್ಟವರನ್ನು ಇಷ್ಟು ನಯವಾಗಿ ಸಂತೋಷಪಡಿಸುವುದು ನಮ್ಮ ಆಸ್ಥಾನಕವಿಗಳಿಗೂ ಕಷ್ಟವಾಗಿದ್ದೀತು!

ಹಾಸ್ಯದಲ್ಲಿ ಹೆಂಡತಿಯೆಂದರೆ ಗಯ್ಯಾಳಿ, ಇಲ್ಲವೆ ಪೆದ್ದಿ ಎಂಬ ರೂಢಿ ಬಲವಾದದ್ದು. ಮಾಲಿ ಎರಡೂ ಅಲ್ಲ. ಗಂಡನ ಬಡಾಯಿಯನ್ನು ಬಲ್ಲಳು. ಅವನ ತಮಾಷೆ ಸಪ್ಪೆಯಾದರೆ ಹಾಗೆಂದು ಒಂದೇ ಮಾತಿನಲ್ಲಿ ಹೇಳಿಬಿಡುವಳು. ಆದರೂ ಅವನ ಕೈಬಿಡಳು. ಅನಾರೋಗ್ಯದಿಂದ ಮೇರಿಯನ್ 1937ರ ಕೊನೆಯಿಂದ 1939ರ ಏಪ್ರಿಲ್‌ವರೆಗೆ ದೂರವಿದ್ದಾಗ ಕಾರ್ಯಕ್ರಮದ ಹೆಸರು 'ಫಿಬ್ಬರ್ ಮೆಗೀ ಅಂಡ್ ಕಂಪೆನಿ' ಎಂದಾಯಿತು. ಗೃಹಿಣಿಯಿಲ್ಲದ ಮನೆಗೆ ಸಂಸಾರವೆಂಬ ಹೆಸರು ಸಲ್ಲದೆಂದು ಅವರಿಗೂ ತೋರಿರಬೇಕು.

ಆಕೆ ಮರಳಿದ ಮರುವರ್ಷ, 1940ರ ಮಾರ್ಚಿ ತಿಂಗಳಲ್ಲಿ, ಆ ಮನೆಯ ಸಾಮಾನಿನ ಕಿರುಕೋಣೆ ಮೊದಲ ಸಲ ತೆರೆಯಿತು. ಬಾಗಿಲು ತೆಗೆದೊಡನೆ ಒಳಗೆ ತುರುಕಿದ್ದ ಸರಕೆಲ್ಲ ಧಡಧಡನೆ ಉರುಳುವುದು. ಸದ್ದಡಗಿದ ಮೇಲೆ, ಕಟ್ಟಕಡೆಗೆ, ಪುಟ್ಟ ಗಂಟೆಯೊಂದು ಟಿಣ್ ಎನ್ನುವುದು. ಸ್ಟುಡಿಯೋದಲ್ಲಿ ಕುಳಿತವರಿಗೆ ಕಾಣುತ್ತಿದ್ದುದು ಅಡಕಿಟ್ಟ ಹಳೆಯ ಸಾಮಾನು, ಅದನ್ನು ಉರುಳಿಸುವವನ ಕೈ, ಇಷ್ಟೇ. ಮನೆಯಲ್ಲಿ ಕುಳಿತು ಕೇಳಿದವರಿಗಾದರೋ ಅದು ತಮ್ಮ ತಮ್ಮ ಮನೆಯ ಅಟ್ಟವೇ ಆಯಿತು. ಬಿದ್ದದ್ದು ಏನೇನೆಂಬ ಪಟ್ಟಿಯನ್ನು ಕೇಳುಗನೇ ತುಂಬಿಕೊಂಡ. ಈ ಉಪಾಯವನ್ನು ಪ್ರತಿವಾರವೂ ಬಳಸದೆ, ಆ ಬಾಗಿಲು ಇಂದು ತೆರೆಯುವುದೋ ಇಲ್ಲವೋ ಎಂದು ಜನರನ್ನು ಕಾಯಿಸಿದ್ದು ಕ್ವಿನ್‌ನ ಜಾಣ್ಮೆ.

ಟೆಲಿಫೋನ್ ಕಚೇರಿಯ ಮರ್ಟ್ ಎಂಬಾಕೆಯ ವಿಷಯವೂ ಹೀಗೆಯೇ. ಫಿಬ್ಬರ್ ಫೋನೆತ್ತಿ ಆಕೆಯ ಯೋಗಕ್ಷೇಮ ವಿಚಾರಿಸುವನು, ಆಕೆಯ ಬಂಧುಬಳಗದ ಸುದ್ದಿ ತಿಳಿಯುವನು. ಆಕೆಯ ದನಿ ಮಾತ್ರ ಕೇಳುಗರ ಕಿವಿಗೆ ಬೀಳುತ್ತಿದ್ದುದು ತೀರ ಅಪರೂಪ. ಕಾಣದವರ ಊರಿನಲ್ಲಿ ಕೇಳದವಳೊಬ್ಬಳು!

1959ರಲ್ಲಿ ಬೇರೆ ನಟರನ್ನಿಟ್ಟುಕೊಂಡು ಇದೇ ಮನೆಯನ್ನು ಟೆಲಿವಿಷನ್ನಿನಲ್ಲಿ ಕಣ್ಣಿಗೆ ತೋರಿಸಲು ಹೊರಟರು. ಮರುವರ್ಷದ ಜನವರಿಯಲ್ಲಿ ಅದು ನಿಂತುಹೋಯಿತು.