ಎಂಜಿನ್ ಹೊತ್ತ ವಿದ್ಯುತ್ ಪಿಕಪ್: ಬಾಳಿಕೆ ಮತ್ತು ದುರಸ್ತಿ

ಅಮೆರಿಕದ ರೈತರಿಗೆ ಸರಕು ಹೇರಲೂ ಟ್ರೈಲರ್ ಎಳೆಯಲೂ ಪಿಕಪ್ ವಾಹನವೇ ಮುಖ್ಯ ಆಧಾರ. ಬ್ಯಾಟರಿಯನ್ನೂ ಪೆಟ್ರೋಲ್ ಎಂಜಿನ್ನನ್ನೂ ಒಟ್ಟಿಗೆ ಹೊತ್ತ ಹೊಸ ಬಗೆಯ ಪಿಕಪ್‌ಗಳನ್ನು ಅಲ್ಲಿನ ತಯಾರಕರು ರೂಪಿಸಿದ್ದಾರೆ. 2023ರ ನವೆಂಬರಿನಲ್ಲಿ ಪ್ರಕಟವಾದ ರ್‍ಯಾಮ್‌ಚಾರ್ಜರ್ ಇದಕ್ಕೊಂದು ಉದಾಹರಣೆ. ಆಗ ತಿಳಿಸಿದಂತೆ ಅದರ ಬ್ಯಾಟರಿ 92 ಯೂನಿಟ್ ವಿದ್ಯುತ್ ಹಿಡಿಯುವಂತಹದು. ಎಂಜಿನ್ ಆರು ಸಿಲಿಂಡರಿನ 3.6 ಲೀಟರಿನದು. ಈ ಎಂಜಿನ್ ಚಕ್ರಗಳನ್ನು ತಿರುಗಿಸುವುದಿಲ್ಲ. ವಿದ್ಯುತ್ತನ್ನು ಮಾತ್ರ ಉತ್ಪಾದಿಸುತ್ತದೆ. ಚಕ್ರ ತಿರುಗಿಸುವುದು ವಿದ್ಯುತ್ ಮೋಟಾರು. ನಮ್ಮ ರೈಲುಗಳ ಡೀಸೆಲ್ ಎಂಜಿನ್‌ಗಳಲ್ಲಿಯೂ ಇದೇ ಏರ್ಪಾಡು ಇದೆ.

ಇಂತಹ ವಾಹನ ಹದಿನೈದು ವರ್ಷ ಬಾಳೀತೇ? ಕೆಟ್ಟರೆ ಹತ್ತಿರದಲ್ಲಿ ದುರಸ್ತಿಯಾದೀತೇ? ಸಾಲ ಮಾಡಿ ಕೊಳ್ಳುವವನಿಗೆ ವೇಗಕ್ಕಿಂತ ಈ ಪ್ರಶ್ನೆಗಳೇ ಮುಖ್ಯ.

ಸವೆತ ಎಲ್ಲಿ? ಇದರಲ್ಲಿ ಹಲವು ಗೇರುಗಳ ಪೆಟ್ಟಿಗೆಯ ಕಾಟವಿಲ್ಲ. ವೇಗ ತಗ್ಗಿಸುವಾಗ ಮೋಟಾರೇ ವಿದ್ಯುತ್ತನ್ನು ಬ್ಯಾಟರಿಗೆ ಹಿಂದಿರುಗಿಸುವುದರಿಂದ ಬ್ರೇಕು ನಿಧಾನವಾಗಿ ಸವೆಯುತ್ತದೆ. ಆದರೆ ಎಂಜಿನ್ನಿನ ಆಯಿಲ್, ಫಿಲ್ಟರುಗಳ ಜೊತೆಗೆ ಬ್ಯಾಟರಿ, ಅದನ್ನು ತಂಪಾಗಿಡುವ ನೀರಿನ ಕೊಳವೆ, ಪಂಪು, ಹತೋಟಿಯ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು, ಇವೆಲ್ಲದರ ಪಾಲನೆಯೂ ಸೇರುತ್ತದೆ.

ಈ ಜಾತಿಗೆ ಸೇರಿದ ಹಳೆಯ ವಾಹನ ಷೆವ್ರೊಲೆ ವೋಲ್ಟ್ ಕಾರು. ಅಮೆರಿಕದಲ್ಲಿ 2010ರಿಂದ 2019ರವರೆಗೆ ತಯಾರಾದ ಅದರಿಂದ ಎರಡು ಪಾಠ ಕಲಿಯಬಹುದು.

ಮೊದಲನೆಯದು, ಬ್ಯಾಟರಿಯನ್ನು ದಣಿಸಬಾರದು. ಮೊದಲ ವೋಲ್ಟ್‌ನ 16 ಯೂನಿಟ್ ಬ್ಯಾಟರಿಯಲ್ಲಿ ಸುಮಾರು 10 ಯೂನಿಟ್ ಮಾತ್ರ ಬಳಕೆಗೆ ದೊರೆಯುತ್ತಿತ್ತು, ಉಳಿದದ್ದು ಮೀಸಲು. ಪೂರ್ತಿ ತುಂಬುವುದು, ಪೂರ್ತಿ ಬರಿದಾಗುವುದು, ಅತಿಯಾದ ಶಾಖ, ಈ ಮೂರೂ ಬ್ಯಾಟರಿಯ ಆಯುಸ್ಸನ್ನು ಕುಂದಿಸುತ್ತವೆ.

ಎರಡನೆಯದು, ಎಂಜಿನ್ ನಿಂತೇ ಇರಬಾರದು. ಮಳೆಗಾಲವೆಲ್ಲ ನಿಂತ ಪಂಪ್‌ಸೆಟ್ಟು ಬೇಸಿಗೆಯಲ್ಲಿ ಹಟ ಮಾಡುವುದನ್ನು ರೈತರು ಬಲ್ಲರು. ಸುಮಾರು ಆರು ವಾರ ಎಂಜಿನ್ ನಡೆಯದಿದ್ದರೆ ವೋಲ್ಟ್ ಅದನ್ನು ಸ್ವಲ್ಪ ಹೊತ್ತು ತಾನೇ ನಡೆಸುತ್ತದೆ. ಪೆಟ್ರೋಲು ಒಂದು ವರ್ಷ ಹಳೆಯದಾದರೆ ಅದನ್ನು ಉರಿಸಿ ತೀರಿಸಲು ನೋಡುತ್ತದೆ.

ಇನ್ನು ದುರಸ್ತಿ. ಎಂಜಿನ್ನಿನ ಕೆಲಸ ಸಾಮಾನ್ಯ ಮೆಕ್ಯಾನಿಕ್‌ಗೆ ಬರುತ್ತದೆ. ಕಿತ್ತಳೆ ಬಣ್ಣದ ತಂತಿಗಳಲ್ಲಿ ಪ್ರಾಣಾಪಾಯದ ವಿದ್ಯುತ್ತಿರುವುದರಿಂದ ತರಬೇತಿ ಇಲ್ಲದವರು ಅವನ್ನು ಮುಟ್ಟಕೂಡದು. ದೋಷ ಕಂಡುಹಿಡಿಯಲು ಕಂಪ್ಯೂಟರ್ ಬೇಕು. ಆ ಮಾಹಿತಿಯನ್ನು ತಯಾರಕರು ತಮ್ಮಲ್ಲೇ ಇಟ್ಟುಕೊಂಡರೆ ವಾಹನ ಗಟ್ಟಿಯಾಗಿದ್ದರೂ ಒಡೆಯನು ಪರಾಧೀನ. ಇದನ್ನು ಮನಗಂಡು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಜನರು 2012ರಲ್ಲಿ ಮತ ಹಾಕಿ, ಈ ಮಾಹಿತಿಯು ಹೊರಗಿನ ಮೆಕ್ಯಾನಿಕ್‌ಗಳಿಗೂ ದೊರೆಯಬೇಕೆಂಬ ಕಾನೂನಿಗೆ ಬೆಂಬಲವಿತ್ತರು. ಕೊಲರಾಡೊ ರಾಜ್ಯವು ಕೃಷಿ ಯಂತ್ರಗಳಿಗೆ ಇಂತಹದೇ ಕಾನೂನನ್ನು 2023ರಲ್ಲಿ ಮಾಡಿತು.

ಯಾವ ಬ್ಯಾಟರಿ ವಾಹನವನ್ನು ಕೊಳ್ಳುವ ಮುನ್ನವೂ ಕೇಳತಕ್ಕ ಪ್ರಶ್ನೆಗಳು:

1. ಬ್ಯಾಟರಿಗೆ ಎಷ್ಟು ವರ್ಷ, ಎಷ್ಟು ಕಿಲೋಮೀಟರ್ ಖಾತರಿ? ಶಕ್ತಿ ಎಷ್ಟು ಕುಂದಿದರೆ ಬದಲಿಸಿಕೊಡುತ್ತಾರೆ?

2. ಒಂದು ಭಾಗ ಕೆಟ್ಟರೆ ಅದನ್ನಷ್ಟೇ ಬದಲಿಸಬಹುದೇ, ಇಡೀ ಬ್ಯಾಟರಿಯನ್ನೇ ಕೊಳ್ಳಬೇಕೇ?

3. ಈ ಮಾದರಿಯ ತಯಾರಿಕೆ ನಿಂತ ಮೇಲೂ ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ?

4. ತರಬೇತಿ ಪಡೆದ ಮೆಕ್ಯಾನಿಕ್ ಎಷ್ಟು ದೂರದಲ್ಲಿದ್ದಾನೆ?

ಉತ್ತರಗಳನ್ನು ಬರವಣಿಗೆಯಲ್ಲಿ ಪಡೆದ ಮೇಲೆಯೇ ಮುಂಗಡ ಕೊಡುವುದು ಲೇಸು.